ಗ್ಲೈಸಿನ್ ಮತ್ತು ಹಾರೋಹಳ್ಳಿ ಸ್ಟಾಪು

ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುವುದು ಕನಕಪುರ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ಒಪ್ಪಿಕೊಂಡ ಕಾನೂನು. ಬೆಂಗಳೂರಿನ ಲ್ಯಾಬೊಂದರಲ್ಲಿ ಪಿಎಚ್‌ಡಿ ಮಾಡುತ್ತಿದ್ದ ರಕ್ಷಿತಾ ಒಂದು ಬೆಳಿಗ್ಗೆ ಅದನ್ನು ಮುರಿದಳು. ನೀಲಿ ಕರ್ಚೀಫನ್ನು ಪಕ್ಕಕ್ಕೆ ಸರಿಸಿ ರಾಜಾರೋಷವಾಗಿ ಕುಳಿತುಬಿಟ್ಟಳು.

"ಅದು ನಂದು ಕಣ್ರೀ," ಎಂದವನು ಜಗಳಕ್ಕೆ ಬರುವ ಬದಲು ನಕ್ಕ. "ಪರ್ವಾಗಿಲ್ಲ, ಕೂತ್ಕಳಿ."

ಅವನು ಪ್ರಭುಲಿಂಗ, ಹಾರೋಹಳ್ಳಿಯಲ್ಲಿ ಹೊಸದಾಗಿ ಎದ್ದ ಫ್ಯಾಕ್ಟರಿಯೊಂದರ ಸೂಪರ್‌ವೈಸರ್. ಮರುದಿನದಿಂದ ಅವಳಿಗೂ ಒಂದು ಕರ್ಚೀಫು ತರತೊಡಗಿದ. ಹೆಸರು, ಕೆಲಸ ಕೇಳಿಕೊಂಡದ್ದು ಬಿಟ್ಟರೆ ಮಾತು ಮಾತ್ರ ತರಲಿಲ್ಲ, ಪುಣ್ಯಾತ್ಮ! ಕಿಟಕಿಯ ಗಾಜಿನಲ್ಲಿ ಅವಳ ಮುಖ ನೋಡುವನು. ಅವಳು ತಿರುಗಿದರೆ ಹಿಪ್ಪುನೇರಳೆ ತೋಟ ನೋಡುವನು. ಆ ಕಳ್ಳನೋಟದ ಗುಂಗಿನಲ್ಲೇ ಅವಳ ದಿನ ಕಳೆದುಹೋಗುತ್ತಿತ್ತು.

ಈ ಸೋಮವಾರ ಅದು ಸಾಕಾಗಲಿಲ್ಲ.

"ಭಾನುವಾರ ಮಾಗಡಿಯಿಂದ ನನ್ನ ನೋಡೋಕ್ ಬತ್ತಾವ್ರೆ," ಎಂದಳು.

ಅವನ ಕಿವಿ ಕೆಂಪಾಯಿತು. ಹಿಪ್ಪುನೇರಳೆ ತೋಟದತ್ತ ತಿರುಗಿ, "ಲ್ಯಾಬಲ್ಲಿ ಏನ್ ಮಾಡ್ತೀರಿ?" ಎಂದ. ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

"ಗ್ಲೈಸಿನ್ ಅಂತ ಒಂದು ರಾಸಾಯನಿಕ ಐತೆ. ಬೆನ್ನುಹುರೀಲಿ ಒಂದು ನರ ಇನ್ನೊಂದಕ್ಕೆ ‘ಸುಮ್ನಿರು’ ಅನ್ನೋಕೆ ಬಿಡೋದು. ಹೇಳಾದ್ಮೇಲೆ ಅದು ಅಲ್ಲೇ ಉಳೀಬಾರ್ದು. ಪಕ್ಕದಲ್ಲಿ ಗ್ಲಿಯಾ ಅನ್ನೋ ಜೀವಕೋಶ ಇರ್ತವೆ. ಅವುಗಳ ಟ್ರಾನ್ಸ್‌ಪೋರ್ಟರ್‌ಗಳು ಅದನ್ನ ಒಳಕ್ಕೆ ಎಳ್ಕೊಂಡು ಜಾಗ ಖಾಲಿ ಮಾಡ್ತವೆ."

"ಮಾಡ್ದೆ ಹೋದ್ರೆ?"

"‘ಸುಮ್ನಿರು’ ಅನ್ನೋದು ಮುಗಿಯೋದೇ ಇಲ್ಲ. ಆ ಟ್ರಾನ್ಸ್‌ಪೋರ್ಟರ್ ಇಲ್ದೆ ಹುಟ್ಟಿದ ಇಲಿಮರಿಗ್ಳು ಸರಿಯಾಗಿ ಉಸಿರಾಡೋಕೂ ಆಗ್ದೆ ಸತ್ತೋಯ್ತವೆ." ಅವಳು ಅವನತ್ತ ತಿರುಗಿದಳು. "ಸುಮ್ನಿರೋದೂ ಬೇಕು ಕಣ್ರೀ. ಆದ್ರೆ ಇಷ್ಟೊಂದಾ?"

ಹೊರಗೆ ಬಂಡೆಗಳ ಮೇಲೆ ಎಳೆಬಿಸಿಲು ಹರಡಿತ್ತು. ಬಸ್ಸು ಮಂಜಿನಲ್ಲಿ ತೇಲುತ್ತ ಸಾಗಿತ್ತು. ಸೀಟಿನ ಮೇಲೆ ಅವನ ಬೆರಳು ಅವಳ ಬೆರಳಿನ ಪಕ್ಕಕ್ಕೆ ಬಂತು, ತಾಗಲಿಲ್ಲ. ಈ ದಾರಿ ಹೀಗೇ ಉದ್ದವಾಗುತ್ತ ಹೋಗಲಿ ಎಂದು ಅವಳು ಕಣ್ಣು ಮುಚ್ಚಿದಳು.

"ಹಾರೋಹಳ್ಳಿ ಇಳಿಯೋರು ಇಳೀರಿ!"

ಪ್ರಭುಲಿಂಗ ಎದ್ದು ಬಾಗಿಲವರೆಗೂ ಹೋದ. ರಕ್ಷಿತಾ ಮುಖ ತಿರುಗಿಸಿಕೊಂಡಳು.

"ರಕ್ಷಿತಾ!"

ಇಡೀ ಬಸ್ಸೇ ತಿರುಗಿ ನೋಡಿತು.

"ನೀನಂದ್ರೆ ನಂಗೆ ಪ್ರಾಣ. ಶನಿವಾರವೇ ನಮ್ಮವ್ವನ್ನ ಕರ್ಕಂಡ್ ಬತ್ತೀನಿ. ಮಾಗಡಿಯವ್ರಿಗೆ ಬರಬ್ಯಾಡಿ ಅಂದ್ಬುಡ್ತೀಯಾ?"

ಅವನು ಅವಳನ್ನು ‘ನೀನು’ ಎಂದದ್ದು ಅದೇ ಮೊದಲು.

ಕಂಡಕ್ಟರ್ ಬಾಯಿಗಿಟ್ಟ ಸೀಟಿಯನ್ನು ಊದದೆ ತೆಗೆದ. "ಅಂತೀಯೇನವ್ವ? ಬಿರ್ನೆ ಹೇಳು, ಟೈಮಾಯ್ತದೆ."

"ಅಂತೀನಿ," ಎಂದಳು ರಕ್ಷಿತಾ, ಹಿಂದಿನ ಸೀಟಿನವರಿಗೂ ಕೇಳುವಂತೆ.