ಕಮಿಷನರ್ ಬರುವ ದಿನ

ಬೆಳಗ್ಗೆ ಗೇಣಿದಾರ ಬಂದು ನೋಡುತ್ತಾನೆ, ಮೊಳಕಾಲುದ್ದ ಬೆಳೆದ ಪೈರೆಲ್ಲ ಕೆಸರಿನ ಪಾಲು. ಯಾರೋ ಟ್ರ್ಯಾಕ್ಟರ್ ನುಗ್ಗಿಸಿ ಉತ್ತುಹಾಕಿದ್ದರು.

ಗದ್ದೆ ದೇವಸ್ಥಾನದ್ದು. ಸಮಿತಿಯವರು ಅದನ್ನು ಹರಾಜಿಗಿಟ್ಟಿದ್ದರು. ಅಪ್ಪನ ಕಾಲದಿಂದ ಉಳುತ್ತಿರುವವರು ನಾವು ಎಂದು ಗೇಣಿದಾರ ಕೋರ್ಟಿಗೆ ಹೋಗಿ ತಡೆ ತಂದಿದ್ದ. ಬೇಸಾಯ ನಿಜಕ್ಕೂ ನಡೆದಿದೆಯೇ ಎಂದು ನೋಡಲು ಕೋರ್ಟ್ ಕಮಿಷನರ್ ಅಂದು ಮಧ್ಯಾಹ್ನವೇ ಬರುವವರಿದ್ದರು. ಪೈರಿಲ್ಲ ಎಂದರೆ ತಡೆಯೂ ಇಲ್ಲ.

ಸುದ್ದಿ ತಿಳಿದು ಬಂದ ಪೊಲೀಸ್ ಇನ್ಸ್‌ಪೆಕ್ಟರಮ್ಮ ಬದುವಿನ ಮೇಲೆ ನಿಂತು ಸುತ್ತ ಕಣ್ಣಾಡಿಸಿದರು.

"ಇನ್ಯಾರು ಮೇಡಂ, ಆ ಕಂಟ್ರಾಕ್ಟರ್ರೇ," ಎಂದ ಗೇಣಿದಾರನ ತಮ್ಮ. "ಹರಾಜು ಕೂಗೋಕೆ ತುದಿಗಾಲಲ್ಲಿ ನಿಂತಿದಾನೆ."

"ರಾತ್ರಿ ಕಾವಲು ಯಾರದು?"

"ನಂದೇ. ಜ್ವರ ಬಂತು, ಮನೆಗೋಗಿ ಮಲಕ್ಕೊಂಡೆ. ಅಣ್ಣ ವಕೀಲರ ಮನೇಲಿದ್ದ."

* * *

ಕಂಟ್ರಾಕ್ಟರ್ ಸಿಮೆಂಟ್ ಗೋದಾಮಿನಲ್ಲಿ ಕಾಲು ಚಾಚಿ ಕೂತಿದ್ದ. ಹೊರಗಿದ್ದ ಟ್ರ್ಯಾಕ್ಟರಿನ ಚಕ್ರಕ್ಕೆ ಹಸಿ ಕೆಸರು ಮೆತ್ತಿತ್ತು.

"ಗಾಡಿ ನಂದೇ ಮೇಡಂ. ಕೀ ಅದ್ರಲ್ಲೇ ನೇತಾಡ್ತಿರುತ್ತೆ, ಪಕ್ಕದ್ಮನೆ ಬೆಕ್ಕು ಬೇಕಾದ್ರೂ ಓಡಿಸ್ಕೊಂಡೋಗ್ಬೋದು. ನಾನೂ ನನ್ನ ಕೆಲಸದೋರೂ ರಾತ್ರಿಯೆಲ್ಲ ಪಕ್ಕದೂರಲ್ಲಿ ಕಾಂಕ್ರೀಟ್ ಹಾಕ್ತಿದ್ವಿ. ಕೇಳ್ಕೊಳ್ಳಿ."

ಕೇಳಿದರು. ನಿಜವೇ ಆಗಿತ್ತು.

* * *

ಇನ್ಸ್‌ಪೆಕ್ಟರಮ್ಮ ಮತ್ತೆ ಗದ್ದೆಗೆ ಬಂದು ಅಣ್ಣತಮ್ಮಂದಿರನ್ನು ಕರೆದರು.

"ಗಾಡಿ ನುಗ್ಗಿಸೋಕೆ ಬದು ಒಡೆದಿದ್ದು ಇಲ್ಲಿ. ಹೋಗ್ತಾ ಮತ್ತೆ ಮುಚ್ಚಿದಾರೆ. ಒಳಗೆ ಹುಲ್ಲು, ಮೇಲೆ ಮಣ್ಣು, ಅದರ ಮೇಲೆ ಹಿಮ್ಮಡಿಯಲ್ಲಿ ತುಳಿದ ಗುರುತು. ಪೈರನ್ನೇ ಹಾಳುಮಾಡೋಕೆ ಬಂದವನಿಗೆ ನೀರು ಸೋರಿಹೋದರೇನು? ಹೊರಗಿನವನು ಒಡೆದದ್ದನ್ನು ಹಾಗೇ ಬಿಟ್ಟು ಹೋಗ್ತಿದ್ದ. ಇದು ಈ ಬದುವನ್ನ ದಿನಾ ನೋಡ್ಕೊಳ್ಳೋ ಕೈ. ಹೀಗೆ ಹುಲ್ಲು ಹಾಸಿ ಕಟ್ಟೋರು ಯಾರಪ್ಪಾ?"

ಗೇಣಿದಾರ ಬಗ್ಗಿ ಮಣ್ಣು ಸರಿಸಿ ಹುಲ್ಲು ನೋಡಿದ. "ನಮ್ಮಪ್ಪ ಕಲಿಸಿದ್ದು," ಎಂದ. "ನಮ್ಮಿಬ್ಬರಿಗೆ."

"ನೀವು ವಕೀಲರ ಮನೇಲಿದ್ರಿ."

ತಮ್ಮ ತಲೆ ಎತ್ತಲಿಲ್ಲ. "ಉತ್ತು ಹೋಗ್ತಾ ಒಡೆದಿದ್ದು ಕಣ್ಣಿಗೆ ಬಿತ್ತು. ಕೈ ಸುಮ್ನಿರಲಿಲ್ಲ."

"ಯಾಕೋ?" ಎಂದ ಅಣ್ಣ.

"ಗೇಣಿ ನಿನ್ನೊಬ್ಬನ ಹೆಸರಲ್ಲಿದೆ. ನೀನು ಗೆದ್ರೆ ನಾನು ನಿನ್ನ ಆಳು. ಆ ಕಂಟ್ರಾಕ್ಟರ್ ಹರಾಜಲ್ಲಿ ಹಿಡಿದ್ರೆ ಅರ್ಧ ಗದ್ದೆ ನಂಗೇ ಗೇಣಿಗೆ ಕೊಡ್ತೀನಿ ಅಂದ. ಅದಕ್ಕೇ ಕೀ ಬಿಟ್ಟಿದ್ದ."

"ನನ್ನ ಕೇಳಿದ್ರೆ ಕೊಡ್ತಿರ್ಲಿಲ್ವೇನೋ?"

"ಕೇಳಿದ್ದೆ. ಕೇಸ್ ಮುಗೀಲಿ ಅಂದೆ ನೀನು. ಮದುವೆ ಆದಾಗ್ಲೂ ಅದೇ, ಮಗು ಹುಟ್ಟಿದಾಗ್ಲೂ ಅದೇ."



"ಕಂಟ್ರಾಕ್ಟರನ್ನ ನಾನು ಬಿಡಲ್ಲ," ಎಂದು ಅಣ್ಣನಿಗೆ ಹೇಳಿದರು ಇನ್ಸ್‌ಪೆಕ್ಟರಮ್ಮ. "ಆದ್ರೆ ದೂರು ನೀವು ಕೊಡ್ಬೇಕು. ಕೊಟ್ರೆ ಪೈರಿತ್ತು ಅನ್ನೋದಕ್ಕೆ ಸಾಕ್ಷಿ ಆಗುತ್ತೆ, ಆದ್ರೆ ನಿಮ್ಮ ತಮ್ಮ ಒಳಗೆ ಹೋಗ್ತಾನೆ. ಕೊಡದಿದ್ರೆ ಗದ್ದೆ ಹೋಗುತ್ತೆ."

ದೂರದಲ್ಲಿ ಕಮಿಷನರ ಕಾರು ಧೂಳೆಬ್ಬಿಸಿಕೊಂಡು ಬರುತ್ತಿತ್ತು.

"ಬರ್ಕೊಳ್ಳಿ," ಎಂದ ಗೇಣಿದಾರ.

"ಆರೋಪಿ ನಿಮಗೇನಾಗಬೇಕು?"

ಅವನು ಕಾರಿನ ಕಡೆಯೇ ನೋಡುತ್ತಿದ್ದ.

"ಏನೂ ಆಗಬೇಕಿಲ್ಲ."