ಐದುನೂರು ಮಂದಿಯ ಅಡಿಗೆ ಎಲ್ಲಿ ಹೋಯಿತು?

ಮಧ್ಯಾಹ್ನ ಒಂದೂವರೆಗೆ ಹುಗ್ಗಿಯ ಹಂಡೆ ತಳ ಕಂಡಿತು. ಪಂಕ್ತಿಯಲ್ಲಿ ನೂರಕ್ಕೂ ಹೆಚ್ಚು ಮಂದಿ ಖಾಲಿ ಪತ್ರಾವಳಿ ಮುಂದಿಟ್ಟುಕೊಂಡು ಕೂತಿದ್ದರು. ಅವರಲ್ಲಿ ಗಂಡಿನ ಸೋದರಮಾವನೂ ಇದ್ದ.

ಖಜೂರಿಯಲ್ಲಿ ನನ್ನ ತಮ್ಮ ಅರುಣಕುಮಾರನ ಮಗಳು ಶಿವಗಂಗಾಳ ಮದುವೆ. ನಾನು ಅಡಿಗೆಯ ಚಪ್ಪರಕ್ಕೆ ನುಗ್ಗಿದೆ. ಹವಳಗಾದಿಂದ ಬಂದ ಅಡಿಗೆಯವ ವ್ಯಂಕಟೇಶನ ಕೊರಳಪಟ್ಟಿ ಹಿಡಿದೆ.

“ಲೇ, ಐದನೂರು ಮಂದಿ ಅಡಿಗಿ ಎಲ್ಲಿ ಹೋತು? ಮಾರಿಕೊಂಡಿ ಹೌದಿಲ್ಲೋ?”

“ಐದನೂರ ಐವತ್ತಕ್ಕ ಮಾಡೇನ್ರಿ. ಮನಿಗೊಬ್ಬರು ಅಂದ್ರಿ, ಊರಾಗ ಮುನ್ನೂರು ಮನಿ. ಬೀಗರು ಎರಡನೂರು. ಮ್ಯಾಲ ಐವತ್ತು ನಾನ ಹಿಡದೇನಿ. ಅಕ್ಕಿ ಐವತ್ತೈದು ಕೇಜಿ, ಕಡಕ್ ರೊಟ್ಟಿ ಸಾವಿರದ ಆರನೂರು.”

“ಸುಳ್ಳು!”

ಅವನ ಅಂಗಿಯ ಗುಂಡಿ ಕಿತ್ತು ಬಂತು. ಬೀಗರೆಲ್ಲ ನೋಡುತ್ತಿದ್ದರು.

“ಕಳ್ಳ ಅನಬ್ಯಾಡ್ರಿ, ಸಾಹುಕಾರ್ರ. ಈ ಮಾತು ಆಳಂದ, ಅಫಜಲಪುರ, ಜೇವರ್ಗಿ ಮುಟ್ಟಿತಂದ್ರ ನನ್ನ ಯಾರೂ ಒಲಿ ಮುಂದ ನಿಂದ್ರಸೂದಿಲ್ಲ.”

“ಕಳ್ಳ! ಕಳ್ಳ!” ಅಂದೆ.

*

ನಮ್ಮೂರ ಖಾದರಸಾಬನ ಟೆಂಪೊ ಚಪ್ಪರದಿಂದ ದೊಡ್ಡ ಪಾತ್ರೆ ಹೊತ್ತು ಮಹಾರಾಷ್ಟ್ರದ ದಾರಿ ಹಿಡಿದದ್ದನ್ನು ಯಾರೋ ನೋಡಿದ್ದರು. ಮೋಟರ್ ಸೈಕಲ್ ಹತ್ತಿ ಬೆನ್ನಟ್ಟಿದೆ. ಊರ ಹೊರಗೆ ಅಡ್ಡಹಾಕಿದೆ.

“ಮುಚ್ಚಳ ತಗಿ.”

“ಸಿಡೀತದ್ರಿ. ಹೊಸ ಅಂಗಿ ಹಾಕ್ಕೊಂಡೀರಿ.”

“ತಗಿ ಅಂದೆ!”

ಒಳಗೆ ಅನ್ನ ಬಸಿದ ಗಂಜಿ.

“ಎಮ್ಮಿಗೆ ಒಯ್ಯಾಕತ್ತೇನ್ರಿ,” ಖಾದರಸಾಬ ಹಲ್ಲು ಬಿಟ್ಟ. “ನಿಮಗೂ ಒಂದು ಬೋಗುಣಿ ಹಾಕ್ಲೇನು?”

*

ತಿರುಗಿ ಬಂದಾಗ ನನ್ನ ಹೆಂಡತಿ ವಿದ್ಯಾವತಿ ಎಂಜಲೆಲೆಯ ರಾಶಿಯ ಪಕ್ಕದಲ್ಲಿ ನಿಂತಿದ್ದಳು. ಅವಳು ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ. ದಿನಾ ಮಕ್ಕಳ ತಲೆ ಎಣಿಸಿಯೇ ಕಾಳು ಅಳೆಯುವವಳು.

“ಪತ್ರಾವಳಿ ಕಟ್ಟಿಗೆ ಐವತ್ತು. ಹದಿನೇಳು ಕಟ್ಟು ಬಿಚ್ಚ್ಯಾರ, ಎಂಟನೂರ ಐವತ್ತಾತು. ಪಂಕ್ತ್ಯಾಗ ನೂರರ ಮ್ಯಾಲ ಖಾಲಿ ಅದಾವ. ಇಲ್ಲಿ ಬಿದ್ದಾವೆಲ್ಲ ಉಂಡ ಎಲಿ. ಅಡಿಗಿ ಕದ್ದಿಲ್ರಿ, ಉಂಡಾರ. ಪಾಪ, ಅಂವ ಐದನೂರ ಐವತ್ತರ ಅಡಿಗಿ ಏಳನೂರರ ಮ್ಯಾಲ ಮಂದಿಗೆ ಮುಟ್ಟಿಸ್ಯಾನ.”

“ಕರೀಲಾರದವ್ರು ಬಂದಿರಬೇಕು.”

“ಊರಾಗ ಕರಿಯಾಕ ಹೋದವ್ರು ಯಾರು?”

“ನಾನ. ಮನಿಗೊಬ್ಬರು ಅಂತನ ಹೇಳೇನಿ.”

ಹೇಳುವಾಗ ನನ್ನ ಚಪ್ಪಲಿ ನೋಡಿಕೊಂಡೆ. ವಿದ್ಯಾವತಿ ಅದನ್ನು ನೋಡಿದಳು. ಹಿಂದಿನ ಓಣಿಗೆ ನಡೆದಳು. ನಾನು ಹಿಂಬಾಲಿಸಿದೆ.

*

ಮೂರು ಮನೆ ನೋಡಿದಳು. ಮೂರರಲ್ಲೂ ಅಡಿಗೆಮನೆಗೇ ಹೋದಳು. ಒಲೆ ತಣ್ಣಗಿತ್ತು. ರೊಟ್ಟಿಯ ಹಂಚು ಬೋರಲು ಬಿದ್ದಿತ್ತು. ನಾಲ್ಕನೆಯದು ಮುದುಕಿ ಸರಸ್ವತಿಬಾಯಿಯ ಮನೆ.

“ಅವ್ವಾ, ಇವತ್ತ ರೊಟ್ಟಿ ಬಡೀಲಿಲ್ಲೇನು?”

“ಯಾಕ ಬಡೀಲಿ? ಒಲಿ ಬಂದ್ ಹೇಳ್ಯಾರಲ್ಲ. ಕೂಸು ಹಿಡಿದು ಒಂಬತ್ತು ಮಂದಿ ಹೋಗಿ ಉಂಡು ಬಂದೀವಿ.”

ಒಲಿ ಬಂದ್ ಅಂದರೆ ಆ ದಿನ ಆ ಮನೆಯಲ್ಲಿ ಒಲೆ ಹೊತ್ತಿಸಬಾರದು. ಮನೆ ಮಂದಿಯೆಲ್ಲ ಊಟಕ್ಕೆ ಬರಬೇಕು. ನಮ್ಮ ಗಡಿಯ ಊರುಗಳಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆಯ ಕರೆ ಇಲ್ಲ.

“ಯಾರು ಹೇಳಿದ್ರು?”

ಮುದುಕಿ ನಕ್ಕಳು. “ನಿನ್ನ ಹಿಂದ ನಿಂತಾನಲ್ಲ ಬೇ, ನಿನ್ನ ಗಂಡ. ಕಲ್ಯಾಣಪ್ಪ.”

*

“ಮುಂದಿನ ಓಣ್ಯಾಗ ಮನಿಗೊಬ್ಬರು ಅಂದೀರಿ,” ಬೀದಿಯಲ್ಲಿ ನಿಂತು ವಿದ್ಯಾವತಿ ಹೇಳಿದಳು. “ಅಲ್ಲಿಂದ ಒಬ್ಬೊಬ್ಬರ ಬಂದದ್ದು ನಾನ ನೋಡೇನಿ. ಈ ಓಣ್ಯಾಗ ಇಡೀ ಮನಿ ಬಂದಾವ. ನಡುವ ಯಾರೋ ನಿಮ್ಮನ್ನ ಚುಚ್ಚ್ಯಾರ. ಹೌದಿಲ್ಲೋ?”

ಹೌದು. ಕಟ್ಟೆಯ ಮೇಲೆ ಕೂತವನೊಬ್ಬ “ಏನಲೇ, ಮನ್ಯಾಗ ಜ್ವಾಳ ತೀರ್ಯಾವೇನು? ಮನಿಗೊಬ್ಬರನ್ನ ಕರೀತಿ?” ಅಂದಿದ್ದ. ಪಿತ್ತ ನೆತ್ತಿಗೇರಿತು. ಅಲ್ಲಿಂದ ಮುಂದಿನ ಎಂಬತ್ತು ಮನೆಗೆ ಒಲಿ ಬಂದ್ ಹೇಳುತ್ತ ಹೋದೆ. ತಮ್ಮ ಬೈಯುತ್ತಾನೆಂದು ಯಾರಿಗೂ ತಿಳಿಸಲಿಲ್ಲ. ಹೇಳಿದರೇನು, ಎಲ್ಲರೂ ಎಲ್ಲಿ ಬರುತ್ತಾರೆ ಎಂದುಕೊಂಡೆ. ಬಂದರು. ಕರೆದವನ ಮಾತು ನಂಬಿ ಬಂದರು.

“ಕಳ್ಳ ಸಿಕ್ಕ,” ಅಂದಳು. “ಮಂದಿ ಇನ್ನೂ ಕೂತಾರ. ಹೋಗ್ರಿ.”

*

ಚಪ್ಪರಕ್ಕೆ ಬಂದೆ. ವ್ಯಂಕಟೇಶ ಅಂಗಡಿಯಿಂದ ಅಕ್ಕಿ ತರಿಸಿ ಮತ್ತೆ ಎಸರಿಟ್ಟಿದ್ದ. ಹಾಗೆ ಮಾಡು ಎಂದು ಯಾರೂ ಅವನಿಗೆ ಹೇಳಿರಲಿಲ್ಲ.

ಪಂಕ್ತಿಯ ಎದುರು ನಿಂತು ಮಾತಾಡಿದೆ. ತುದಿಯಲ್ಲಿ ಕೂತವರಿಗೆ ಕೇಳಲಿಲ್ಲ. ಎರಡನೇ ಸಲ ಜೋರಾಗಿ ಹೇಳಿದೆ.

“ಇಂವ ಕದ್ದಿಲ್ಲ. ನಾನ ಹೆಚ್ಚು ಮಂದಿ ಕರದೆ. ಕರದದ್ದು ಇವಗ ಹೇಳಲಿಲ್ಲ. ತಪ್ಪು ನಂದು.”

ಸೋದರಮಾವ ಕೆಮ್ಮಿದ. ಅರುಣಕುಮಾರ ಮುಖ ತಿರುಗಿಸಿದ. ನಾನು ವ್ಯಂಕಟೇಶನ ಕೈ ಹಿಡಿಯಲು ಹೋದೆ. ಅವನು ಕೈ ಕೊಡಲಿಲ್ಲ. ಅಕ್ಕಿ ತೊಳೆಯುತ್ತಿದ್ದ.

“ಇನ್ನ ಎಷ್ಟು ಮಂದಿ ಅದಾರ್ರಿ?” ತಲೆ ಎತ್ತದೆ ಕೇಳಿದ. “ಈಗರೆ ಖರೇ ಹೇಳ್ರಿ.”

ಪಂಕ್ತಿಯ ತುದಿಯಿಂದ ಎಣಿಸುತ್ತ ಹೊರಟೆ. ಒಬ್ಬೊಬ್ಬರ ಮುಖವನ್ನೂ ನೋಡಬೇಕಾಯಿತು. ನೂರಾ ಹನ್ನೊಂದು.