ಚೆಂಡೆಲ್ಲಿ, ಅಪ್ಪಾ?

"ನಗು, ಸ್ವಲ್ಪ ನಗು! ಗದ್ದ ಕೆಳಗೆ... ಹಾಂ, ಈಗ ಹೊಡಿ!" ಕ್ಯಾಮೆರಾ ಹಿಂದಿನಿಂದ ಅಪ್ಪ ಕೂಗಿದ.

"ಅಪ್ಪಾ, ಗಾಲ್ಫ್ ಆಡೋವಾಗ ಯಾರೂ ನಗಲ್ಲ!" ಕಡ್ಡಿ ಹಲ್ಲು ಕಡಿದಳು.

"ಅದಕ್ಕೇ ಆ ಆಟ ಯಾರೂ ನೋಡಲ್ಲ," ಅಂದ ಅಪ್ಪ.

ಕಡ್ಡಿ ಅನ್ನೋದು ಮನೆಯವರು ಇಟ್ಟ ಅಡ್ಡಹೆಸರು. ಹುಡುಗಿ ತೆಳ್ಳಗಿದ್ದಳು, ಉದ್ದಕ್ಕಿದ್ದಳು, ಸಾಲದ್ದಕ್ಕೆ ಕೈಗೆ ಸಿಕ್ಕ ಕಡ್ಡಿಯನ್ನೆಲ್ಲ ಬೀಸುತ್ತಿದ್ದಳು. ಚಿಕ್ಕವಳಿದ್ದಾಗ ಮನೆಯ ಮುಂದಿನ ಕೋಣೆಯಲ್ಲಿದ್ದ ಅಪ್ಪನ ಸ್ಟುಡಿಯೋದಲ್ಲಿ ಕೊಡೆಯನ್ನು ತಿರುಗಿಸಿ ಹಿಡಿದು, ಕಾಗದದ ಉಂಡೆ ಹೊಡೆಯಲು ಹೋಗಿ, ದೊಡ್ಡ ಲೈಟನ್ನೇ ಪುಡಿಪುಡಿ ಮಾಡಿದ್ದಳು.

"ಇವಳು ಇಲ್ಲಿದ್ದರೆ ನನ್ನ ಅಂಗಡಿಗೆ ಬೀಗವೇ ಗತಿ!" ಅಂತ ಅಪ್ಪ ತಲೆ ಚಚ್ಚಿಕೊಂಡ. ಆಗ ಅಮ್ಮ ಅವಳನ್ನು ತನ್ನ ಜೊತೆ ಕೆಲಸಕ್ಕೆ ಕರೆದುಕೊಂಡು ಹೋದಳು. ಅಮ್ಮ ಗಾಲ್ಫ್ ಮೈದಾನದಲ್ಲಿ ಹುಲ್ಲು ಕತ್ತರಿಸುವ ಗಾಡಿ ಓಡಿಸುತ್ತಿದ್ದಳು. ಅಲ್ಲಿ ಒಡೆಯೋಕೆ ಏನೂ ಇರಲಿಲ್ಲ. ಹೊಡೆಯೋಕೆ ಮಾತ್ರ ಬೇಕಾದಷ್ಟಿತ್ತು.

ಈಗ ಕಡ್ಡಿ ಹತ್ತನೇ ಕ್ಲಾಸು. ಊರಾಚೆಯ ಕಾಲೇಜಿನಲ್ಲಿ ಒಂದು ಗಾಲ್ಫ್ ಟೀಮ್ ಇತ್ತು. ಆ ಟೀಮಿಗೆ ಸೇರಬೇಕು ಅನ್ನೋದೊಂದೇ ಅವಳ ಜಪ. ಹಲ್ಲುಜ್ಜುವಾಗಲೂ ಅದೇ, ಹೋಮ್‌ವರ್ಕ್ ಮಾಡುವಾಗಲೂ ಅದೇ.

ಅಲ್ಲಿನ ಕೋಚ್ ಮೇಡಂ ಫೋನಿನಲ್ಲಿ ಹೇಳಿದ್ದರು: "ನೀನು ಆಡೋ ವಿಡಿಯೋ ಕಳಿಸು. ಚೆನ್ನಾಗಿದ್ರೆ ಟ್ರಯಲ್‌ಗೆ ಕರೀತೀನಿ. ಭಾನುವಾರ ಸಂಜೆಯೊಳಗೆ ಬರಬೇಕು."

ವಿಡಿಯೋ ಅಂದರೆ ಅಪ್ಪನಿಗೆ ಹೇಳಿಕೊಡಬೇಕೇ? ಊರಿನ ಅರ್ಧ ಮದುವೆಗಳ ವಿಡಿಯೋ ಮಾಡಿದವನು ಅವನೇ. ಶನಿವಾರ ಬೆಳಿಗ್ಗೆ ಶೂಟಿಂಗ್ ಮುಗಿಸಿ ಸ್ಟುಡಿಯೋ ಬಾಗಿಲು ಹಾಕಿಕೊಂಡವನು, ಸಂಜೆ ಹೊರಗೆ ಬಂದ. ಮುಖ ಊರಗಲ ಆಗಿತ್ತು.

"ಬಾ, ನೋಡು ಬಾ! ಮೇಡಂಗೆ ಕಳಿಸಿಯೂ ಆಯ್ತು!"

ಕಂಪ್ಯೂಟರಿನಲ್ಲಿ ಪಿಟೀಲು ಶುರುವಾಯಿತು. ಮೇಲಿನಿಂದ ಗುಲಾಬಿ ಎಸಳುಗಳು ಸುರಿದವು. ಅವುಗಳ ನಡುವೆ ಕಡ್ಡಿಯ ಕಣ್ಣು, ಕಡ್ಡಿಯ ಕಿವಿ, ಸ್ಲೋ ಮೋಷನ್‌ನಲ್ಲಿ ತೇಲುವ ಕಡ್ಡಿಯ ಜಡೆ. ಅವಳು ಗಾಲ್ಫ್ ಕೋಲನ್ನು ಎತ್ತಿದಳು, ಬೀಸಿದಳು. ತಕ್ಷಣ ಮತ್ತೆ ಜಡೆ. ಕೊನೆಗೆ ಒಂದು ದೊಡ್ಡ ಹೃದಯ ಬಂತು. ಅದರೊಳಗೆ ಈ ಕಡೆ ಕಡ್ಡಿ, ಆ ಕಡೆ ಗಾಲ್ಫ್ ಚೆಂಡು. ಕೆಳಗೆ ಬಂಗಾರದ ಅಕ್ಷರದಲ್ಲಿ 'ನೂರು ಕಾಲ ಸುಖವಾಗಿ ಬಾಳಿ' ಅಂತ ಇತ್ತು.

ಕಡ್ಡಿ ಸ್ಕ್ರೀನಿಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿದಳು.

"ಅಪ್ಪಾ... ಚೆಂಡೆಲ್ಲಿ?"

"ಇದೆಯಲ್ಲ, ಕೊನೇಲಿ, ನಿನ್ನ ಪಕ್ಕದಲ್ಲೇ!"

"ಅದಲ್ಲ! ಹೊಡೆದ ಮೇಲೆ ಎಲ್ಲಿಗೆ ಹೋಯ್ತು ಅಂತ ಕಾಣಬೇಕಲ್ವಾ?"

"ಚೆಂಡಿಗೇನು ಮೂಗು ಬಾಯಿ ಇದೆಯೇನೇ, ತೋರಿಸೋಕೆ?"

"ಮತ್ತೆ ನಾನು ತಪ್ಪಾಗಿ ಹೊಡೆದಿದ್ದೆಲ್ಲ?"

"ಕಟ್!" ಅಪ್ಪ ಎದೆಯುಬ್ಬಿಸಿದ. "ಮದುಮಗಳು ಸೀನಿದ್ದು, ಅವಳ ಮಾವ ಗೊರಕೆ ಹೊಡೆದಿದ್ದು, ಯಾವತ್ತಾದ್ರೂ ತೋರಿಸಿದ್ದೀನಾ ನಾನು?"

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು. ಕಡ್ಡಿಗೆ ಮಾತ್ರ ಅಳು ಉಕ್ಕಿ ಬಂತು. ಇನ್ನೆಲ್ಲಿಯ ಕಾಲೇಜು, ಇನ್ನೆಲ್ಲಿಯ ಟೀಮು! ದಿಂಬಿಗೆ ಮುಖ ಒತ್ತಿ ಮಲಗಿಬಿಟ್ಟಳು. ಅಪ್ಪ ಬಾಗಿಲ ಹತ್ತಿರ ಬಾಲ ಸುಟ್ಟ ಬೆಕ್ಕಿನ ಹಾಗೆ ಆಚೆ ಈಚೆ ತಿರುಗಿದ.

ಅಷ್ಟರಲ್ಲಿ ಫೋನ್ ಬಂತು. ಕೋಚ್ ಮೇಡಂ!

"ನಿನ್ನ ವಿಡಿಯೋ ನೋಡಿದೆ," ಅಂದರು ಮೇಡಂ. ಕಷ್ಟಪಟ್ಟು ನಗು ತಡೆದ ಹಾಗಿತ್ತು ದನಿ. "ನಮ್ಮಮ್ಮನಿಗೂ ತೋರಿಸಿದೆ, ಅವರು ಅತ್ತೇಬಿಟ್ರು. ಆದ್ರೆ ನೀನು ಗಾಲ್ಫ್ ಆಡ್ತೀಯೋ ಇಲ್ವೋ, ಅದೇ ಗೊತ್ತಾಗ್ಲಿಲ್ಲ ನೋಡು. ನಾಳೆ ಸಂಜೆವರೆಗೆ ಟೈಮ್ ಇದೆ. ಇನ್ನೊಂದು ಕಳಿಸು. ಎಲ್ಲೂ ಕಟ್ ಮಾಡಬಾರದು. ತಪ್ಪಾದ್ರೆ ಆಗ್ಲಿ. ತಪ್ಪಾದ ಮೇಲೆ ಏನು ಮಾಡ್ತೀಯ ಅಂತ ನಾನು ನೋಡಬೇಕು."

ಮರುದಿನ ಬೆಳಿಗ್ಗೆ ಮೈದಾನದಲ್ಲಿ ಕಡ್ಡಿಯೇ ಸ್ಟ್ಯಾಂಡ್ ನಿಲ್ಲಿಸಿ ಕ್ಯಾಮೆರಾ ಇಟ್ಟಳು. ತಾನೂ, ಎದುರಿನ ಮರಳುಗುಂಡಿಯೂ, ಅದರಾಚೆ ಚೆಂಡು ಹೋಗಿ ಸೇರಬೇಕಾದ ಕುಳಿಯ ಬಾವುಟವೂ ಒಟ್ಟಿಗೆ ಕಾಣುವ ಹಾಗೆ.

"ಇದನ್ನ ಮುಟ್ಟಬೇಡ, ಅಪ್ಪಾ. ತಿರುಗಿಸಬೇಡ. ಸುಮ್ಮನೆ ನಿಂತ್ಕೋ."

ಅಪ್ಪ ಕೈಕಟ್ಟಿ ನಿಂತ.

ಮೊದಲೆರಡು ಚೆಂಡು ಬಾವುಟದ ಹತ್ತಿರವೇ ಬಿದ್ದವು. ಮೂರನೆಯದು ಹೋಗಿ ಮರಳುಗುಂಡಿಯಲ್ಲಿ ಕೂತಿತು. ಕಡ್ಡಿ ಗುಂಡಿಗಿಳಿದು ಕೋಲು ಬೀಸಿದಳು. ಮರಳೆಲ್ಲ ಹಾರಿತು, ಚೆಂಡು ಅಲ್ಲೇ ಇತ್ತು. ಮತ್ತೆ ಬೀಸಿದಳು. ಚೆಂಡು ಅಂಚಿನವರೆಗೆ ಹೋಗಿ, ಯಾಕೋ ಮನಸ್ಸು ಬದಲಾಯಿಸಿ, ಉರುಳುತ್ತ ಅವಳ ಕಾಲ ಹತ್ತಿರವೇ ವಾಪಸ್ ಬಂತು.

ಅಪ್ಪನ ಕೈ ತಡೆಯಲಿಲ್ಲ. "ಕಟ್ ಮಾಡ್ಲೇನೇ? ನಾನು ಕಟ್ ಮಾಡಿದ್ರೆ ಯಾರಪ್ಪನಿಗೂ ಗೊತ್ತಾಗಲ್ಲ," ಅಂತ ಪಿಸುಗುಟ್ಟಿದ.

ಕಡ್ಡಿಗೆ ಆಸೆಯಾಯಿತು. 'ಹೂಂ' ಅನ್ನೋದು ನಾಲಿಗೆ ತುದಿಗೇ ಬಂದಿತ್ತು.

"ಬೇಡ," ಅಂದಳು. "ಓಡ್ತಾ ಇರ್ಲಿ."

ಬಾಯಲ್ಲಿದ್ದ ಮರಳು ಉಗಿದಳು. ಕಾಲೂರಿ ನಿಂತಳು. ಉಸಿರು ಬಿಗಿಹಿಡಿದು ಬೀಸಿದಳು. ಮರಳು ಎದ್ದು ಮುಖಕ್ಕೇ ರಾಚಿತು.

"ಎಲ್ಲಿ ಬಿತ್ತು?" ಕಣ್ಣುಜ್ಜಿಕೊಳ್ಳುತ್ತ ಕೇಳಿದಳು.

"ಅಲ್ಲೇ... ಬಾವುಟದ ಹತ್ತಿರ ಇರಬೇಕು."

"ಇರಬೇಕಾ? ನೀನು ಇಲ್ಲೇ ನಿಂತಿದ್ಯಲ್ಲ, ನೋಡಲಿಲ್ವಾ?"

ಅಪ್ಪ ತಲೆ ಕೆರೆದುಕೊಂಡ. "ಕ್ಯಾಮೆರಾ ನೋಡಿರುತ್ತೆ ಬಿಡೇ. ನಿನ್ನ ಕಣ್ಣಿಗೆ ಮರಳು ಬಿತ್ತೇನೋ ಅಂತ ನಾನು ನಿನ್ನ ಕಡೆ ನೋಡ್ತಿದ್ದೆ."

ಚೆಂಡು ಬಾವುಟದ ಬುಡದಲ್ಲೇ ಬಿದ್ದಿತ್ತು.

ಸಂಜೆ ಮೇಡಂ ಮೆಸೇಜ್ ಬಂತು: 'ಮರಳಿಂದ ಎತ್ತಿದ ಆ ಹೊಡೆತಕ್ಕೆ ಶಭಾಷ್. ಮುಂದಿನ ಶನಿವಾರ ಟ್ರಯಲ್‌ಗೆ ಬಾ. ಅಪ್ಪನನ್ನೂ ಕರ್ಕೊಂಡು ಬಾ. ನನ್ನ ತಂಗಿಗೆ ಮದುವೆ ಗೊತ್ತಾಗಿದೆ.'

ಅಪ್ಪನನ್ನು ಸ್ವಲ್ಪ ಆಟ ಆಡಿಸೋಣ ಅಂತ ಕಡ್ಡಿ ಮುಖ ಗಂಟು ಹಾಕಿಕೊಂಡು ಸ್ಟುಡಿಯೋಗೆ ಹೋದಳು. ಫೋನ್ ಮುಂದೆ ಹಿಡಿದಳು. ಅಪ್ಪ ಫೋನಿನ ಕಡೆ ತಿರುಗಿಯೂ ನೋಡಲಿಲ್ಲ. ಅವಳ ಮುಖ ನೋಡಿದ.

"ಟ್ರಯಲ್ ಯಾವತ್ತಂತೆ?" ಅಂದ.

"ಶನಿವಾರ," ಅಂದಳು ಕಡ್ಡಿ. ಸ್ಟೂಲು ಎಳೆದುಕೊಂಡು ಅಪ್ಪನ ಪಕ್ಕ ಕೂತಳು.

"ಅಪ್ಪಾ, ಆ ಗುಲಾಬಿ ವಿಡಿಯೋ ಇನ್ನೊಂದ್ಸಲ ಹಾಕು."

ಪಿಟೀಲು ಶುರುವಾಯಿತು. ಎಸಳುಗಳು ಸುರಿದವು. ಈ ಸಲ ಕಡ್ಡಿ ಚೆಂಡನ್ನು ಹುಡುಕಲಿಲ್ಲ.